ಕಡಲ ನಡುವೆ ಕಣ ಮಾಡಿದ್ದು

ನನ್ನ ಷಡ್ಡಕ ಭೀಮಶ್ಯಾ ಒಮ್ಮೆ ಹಾಯಿದೋಣಿಯಲ್ಲಿ ಗೋವೆಗೆ ಹೋಗಿ ಬಂದಿದ್ದ. ಒಮ್ಮೆ ಮಾತ್ರ. ಅದನ್ನೇ ಹನ್ನೆರಡು ವರ್ಷ ಸುಲೇಪೇಟದ ಮಾವನ ಮನೆಯಲ್ಲಿ ಹೇಳಿ, ಪ್ರತಿ ಹಬ್ಬಕ್ಕೂ ಮೊದಲ ಹೋಳಿಗೆ ತಾನೇ ತಿನ್ನುತ್ತಿದ್ದ. ಆಗಿನ ನಮ್ಮ ನಿಜಾಮರ ರಾಜ್ಯಕ್ಕೆ ಸಮುದ್ರವೇ ಇರಲಿಲ್ಲ. ಹಾಗಾಗಿ ಅವನ ಕತೆಯನ್ನು ಸುಳ್ಳೆನ್ನುವವರೂ ಇರಲಿಲ್ಲ. ಹೆಂಡತಿಯ ಅಕ್ಕನ ಗಂಡ, ಹಿರಿಯ ಅಳಿಯ, ಸರಿ. ಆದರೆ ತುಪ್ಪವೂ ಅವನ ಹೋಳಿಗೆಗೇ ಹೆಚ್ಚು ಬೀಳುತ್ತಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು, ಮುಚ್ಚುಮರೆ ಯಾಕೆ?

ಆದ್ದರಿಂದ ಶಹಾಬಾದಿನ ನಮ್ಮ ಸಾಹುಕಾರರು, "ಮುಂಬೈಯಿಂದ ಮಂಗಳೂರಿಗೆ ದೋಣಿಯಾಗ ಹಾಸುಗಲ್ಲು ಹೋಗಬೇಕು, ಅದರ ಜೋಡಿ ಯಾರ್ ಹೋಗ್ತೀರಿ?" ಎಂದಾಗ ಗುಮಾಸ್ತನಾದ ನಾನು ಎದ್ದು ನಿಂತೆ. ಸುದ್ದಿ ಕೇಳಿ, ಬಟ್ಟೆ ಅಂಗಡಿಯ ಭೀಮಶ್ಯಾ ಚಿತ್ತಾಪುರದಿಂದ ಗಂಟು ಕಟ್ಟಿಕೊಂಡು ಬಂದೇಬಿಟ್ಟ.

"ನಿನಗ ಸಮುದ್ರ ಹೊಸದು ತಮ್ಮಾ, ನಾನೂ ಬರ್ತೀನಿ."

ಗಂಟಿನ ತುಂಬ ಕಡಕ್ ರೊಟ್ಟಿ. ನೋಡಿ ನಕ್ಕೆ.

ಮುಂಬೈ ಬಿಟ್ಟ ಮೂರನೆಯ ದಿನ ಗಾಳಿ ನಿಂತಿತು. ಹಾಯಿ ಒಣಹಾಕಿದ ಧೋತರದಂತೆ ಜೋತುಬಿತ್ತು. ಐದು ದಿನ ನಿಂತಲ್ಲೇ ನಿಂತೆವು. ದೋಣಿ ನಡೆಸುವ ತಂಡೇಲ ಭೀಮಶ್ಯಾನನ್ನು ಚುಕ್ಕಾಣಿಯ ಪಕ್ಕ ಕೂರಿಸಿಕೊಂಡು, ಬೀಡಿ ಕೊಟ್ಟು ಮಾತಾಡುತ್ತಿದ್ದ. ನನಗೆ ಕಲ್ಲಿನ ಮೇಲೆ ಜಾಗ. ನಾನು ಬೀಡಿ ಸೇದುವುದಿಲ್ಲ. ಆದರೂ ಒಂದು ಮಾತು ಕೇಳಬಹುದಿತ್ತಲ್ಲ.

ಕೊನೆಗೆ ತಡೆಯಲಾಗದೆ ಎದ್ದೆ. "ಅಣ್ಣಾರ, ಗಾಳಿ ಕರೆಯೋದು ನನಗ ಬರ್ತದ. ಮಾವನೋರ ಕಣದಾಗ ಹತ್ತು ವರ್ಷ ಜೋಳ ತೂರೀನಿ. ಗಾಳಿ ನಿಂತರ ನಾಕು ಮೊರ ತೂರಬೇಕು, ತಾನ ಬರ್ತದ."

"ಗಾಳಿ ಬಂದಾಗ ತೂರ್ಕೋ ಅಂತಾರ ತಮ್ಮಾ. ತೂರಿದ್ರ ಗಾಳಿ ಬರ್ತದಂತ ಯಾರ್ ಹೇಳ್ಯಾರ?" ಎಂದ ಭೀಮಶ್ಯಾ.

ತಂಡೇಲ ನಕ್ಕ. ಅಷ್ಟು ಸಾಕಾಯಿತು. ಅಡುಗೆಯವನ ಬಳಿ ಉಳಿದಿದ್ದ ಒಂದೇ ಅಕ್ಕಿ ಚೀಲವನ್ನೂ ಅವನ ಮೊರವನ್ನೂ ಎಳೆದು ತಂದು, ಚಾಪೆ ಹಾಸಿ, ಹಾಸುಗಲ್ಲಿನ ಅಟ್ಟಿಯ ಮೇಲೆ ನಿಂತು ವಿಧ್ಯುಕ್ತವಾಗಿ ತೂರತೊಡಗಿದೆ. ಒಂದು ಮೊರ. ಎರಡು. ಅಕ್ಕಿ ನೆಟ್ಟಗೆ ಚಾಪೆಗೆ ಬಿತ್ತು. ಹಟಕ್ಕೆ ಬಿದ್ದು ಇಡೀ ಚೀಲ ತೂರಿದೆ. ಕೊನೆಯ ಮೊರಕ್ಕೆ ಗಾಳಿ ಬಂತು!

ಹಾಯಿ ಉಬ್ಬಿತು. ದೋಣಿ ವಾಲಿತು. ಚಾಪೆ ಅಕ್ಕಿಯ ಸಮೇತ ಜಾರಿ ಸಮುದ್ರಕ್ಕೆ ಹೋಯಿತು. ಕಣಕ್ಕೆ ಅಲುಗದ ನೆಲವೊಂದು ಬೇಕು ಎಂಬ ಸೂಕ್ಷ್ಮ ವಿಚಾರ ನನಗೆ ಆಗ ಹೊಳೆಯಿತು. ಅಕ್ಕಿ ಮುಳುಗುವಷ್ಟರಲ್ಲಿ ಗಾಳಿಯೂ ನಿಂತಿತು.

ಮುಂದೆ ನಿಜವಾದ ಗಾಳಿ ಬಂದು ಮಂಗಳೂರು ಮುಟ್ಟುವವರೆಗೆ ನಾಲ್ಕು ದಿನ ದೋಣಿಯವರೆಲ್ಲ ಭೀಮಶ್ಯಾನ ರೊಟ್ಟಿ ತಿಂದು ಬದುಕಿದೆವು. ಅವನು ಮೊದಲ ರೊಟ್ಟಿ ನನಗೇ ಕೊಡುತ್ತಿದ್ದ. ಆ ದೊಡ್ಡತನ ಕಂಡೂ ನನಗೆ ಹೊಟ್ಟೆಕಿಚ್ಚಾಯಿತು.

ಅವನು ವ್ಯಾಪಾರಕ್ಕೆಂದು ಮಂಗಳೂರಿನಲ್ಲೇ ಉಳಿದ. ನಾನು ಸುಲೇಪೇಟಕ್ಕೆ ಓಡಿ ಬಂದು ಮಾವ, ಅತ್ತೆ, ಹೆಂಡತಿಯ ಮುಂದೆ ಕತೆ ಬಿಚ್ಚಿದೆ. ಒಂದೇ ಸಣ್ಣ ತಿದ್ದುಪಡಿ: ಅಕ್ಕಿ ತೂರಿದವನು ಭೀಮಶ್ಯಾ, ರೊಟ್ಟಿ ಕೊಟ್ಟವನು ನಾನು. ಅತ್ತೆ ನನ್ನ ತಾಟಿಗೆ ಮೊದಲ ಹೋಳಿಗೆ ಹಾಕಿ, ತುಪ್ಪದ ಗಿಂಡಿ ಬಗ್ಗಿಸತೊಡಗಿದರು.

ಹೆಂಡತಿ ಹುಬ್ಬು ಗಂಟಿಕ್ಕಿದಳು. "ಅಲ್ರೀ, ಭಾವ ಹುಟ್ಟಿದಾಗಿಂದ ಅರಿವಿ ಅಂಗಡ್ಯಾಗ ಕುಂತವರು. ಮೊರ ಹಿಡಿಯೋದು ಅವರಿಗೆಲ್ಲಿ ಬರ್ತದ? ಈ ಮನಿ ಅಳಿಯಂದಿರಾಗ ತೂರೋರು ನೀವೊಬ್ರೇ ಅಲ್ಲೇನು?"

ಅತ್ತೆ ಗಿಂಡಿಯನ್ನು ಮತ್ತೆ ನೆಟ್ಟಗೆ ಹಿಡಿದರು. ಹೋಳಿಗೆಯನ್ನು ಒಣದಾಗಿಯೇ ತಿಂದೆ. ಭೀಮಶ್ಯಾನ ಕಡಕ್ ರೊಟ್ಟಿಯೇ ಅದಕ್ಕಿಂತ ಸಲೀಸಾಗಿ ಗಂಟಲಲ್ಲಿ ಇಳಿದಿತ್ತು.