ಅತ್ತೆಗೆ ಆನೆಗೊಂದಿ ತೋರಿಸಲು ಹೋದದ್ದು

ನಾನು ಊರು ದಾಟಿದರೆ ಸಾಕು, ಏನಾದರೊಂದು ಫಜೀತಿ ಮಾಡಿಕೊಂಡೇ ಮನೆಗೆ ಬರುತ್ತೇನೆ. ಉರ್ದು ಸಾಲಿಯ ಮಾಸ್ತರ ಬೆತ್ತಕ್ಕೆ ಹೆದರಿ ಓಡಿದ ಕಾಲು ಆಮೇಲೆ ನಿಲ್ಲಲೇ ಇಲ್ಲ. ಅದಕ್ಕೇ ಗಂಗಾವತಿಯ ಸೋದರತ್ತೆ ನನಗೆ ಮಗಳನ್ನು ಕೊಡಲು ಹಿಂದೆಮುಂದೆ ನೋಡುತ್ತಿದ್ದಳು. "ಒಂದು ತಾಸು ಒಂದು ಕಡೆ ಕುಂಡ್ರಾಂವಲ್ಲ. ಇಂಥಾವ ಸಂಸಾರ ಮಾಡ್ತಾನ?"

ನನಗೋ ಆ ಹುಡುಗಿ ಬಿಟ್ಟು ಬೇರೆ ಯಾರೂ ಬೇಡ. ಕಡೆಗೆ ಮಾವ ಅಂದ: "ನಮ್ಮಿಬ್ಬರಿಗೂ ಆನೆಗೊಂದಿ ತೋರಿಸಿ ಸಂಜಿಗೆ ಕರಕೊಂಡು ಬಾ. ಆಮ್ಯಾಲ ನೋಡೂಣು."

೧. ಒಳದಾರಿ

ನಸುಕಿನಲ್ಲೇ ಎತ್ತಿನ ಬಂಡಿ ಹೊರಟಿತು. ಗುಡ್ಡ ಕಂಡದ್ದೇ ತಡ, "ಒಳದಾರಿ ನನಗ ಗೊತ್ತೈತಿ, ಮುಂದ ಹೋಗಿರ್ತೀನಿ" ಎಂದು ಜಿಗಿದೆ. ಒಳದಾರಿ ಗುಡ್ಡವನ್ನೆಲ್ಲ ಸುತ್ತಿಸಿತು. ನಾನು ಕೋಟೆ ಬಾಗಿಲು ಮುಟ್ಟುವಷ್ಟರಲ್ಲಿ ಅತ್ತೆ ಬುತ್ತಿ ಉಂಡು ಕೈ ತೊಳೆಯುತ್ತಿದ್ದಳು.

"ನೀ ನಮಗ ಊರು ತೋರಸಾಕ ಬಂದೀಯೋ, ನಾವು ನಿನ್ನ ಹುಡುಕಾಕ ಬಂದೀವೋ?"

೨. ಅರಸರ ಕಲ್ಲು

ಹೋದ ಮಾನ ತರಬೇಕಲ್ಲ! ಓಣಿಯಲ್ಲೊಂದು ನುಣುಪಾದ ಚಪ್ಪಡಿ ಕಂಡಿತು. "ಅರಸರು ಇದರ ಮ್ಯಾಲ ಕುಂತು ನ್ಯಾಯ ಹೇಳತಿದ್ರು" ಎಂದೆ. ಅತ್ತೆ ಕೈಮುಗಿದಳು. ಅಷ್ಟರಲ್ಲಿ ಎದುರುಮನೆಯ ಮುದುಕಿ ಹಿಟ್ಟಿನ ಬೋಗುಣಿ ಹಿಡಿದು ಬಂದಳು.

"ಸರೀರಿ ಯವ್ವಾ, ಸಂಡಿಗಿ ಹಾಕಬೇಕು. ಇದಕ್ಕಂತನ ನನ್ನ ಮಗ ಹೋದ ವರ್ಷ ಈ ಕಲ್ಲು ತಂದಾನ."

ಮಾವ ನನ್ನ ಕಡೆ ತಿರುಗಿದ: "ಅರಸರು ಸಂಡಿಗಿ ಒಣಗಿದ ಮ್ಯಾಲ ಕುಂಡ್ರತಿದ್ರೇನೋ?"

೩. ಹರಗೋಲು

ಊರ ಮಗ್ಗುಲ ಹೊಳೆಗೆ ಬಂದೆವು. ಆಗ ಅದರ ಈ ದಡ ನಿಜಾಮರದು, ಆ ದಡ ಇಂಗ್ಲಿಷರದು. "ಬಂದೀವಿ, ಇಂಗ್ಲಿಷರ ನೆಲಾನೂ ಮೆಟ್ಟಿ ಹೋಗೂಣು" ಎಂದಳು ಅತ್ತೆ. ದೊಡ್ಡ ಬುಟ್ಟಿಯಂಥ ಹರಗೋಲಿನಲ್ಲಿ ಕೂತೆವು.

"ಯಾರೂ ಅಲುಗಾಡಬ್ಯಾಡ್ರಿ. ಒಬ್ಬರು ಎದ್ದರ ಎಲ್ಲಾರೂ ನೀರಾಗ" ಎಂದ ಅಂಬಿಗ.

ಊರೂರು ಸುತ್ತಿದ ನನಗೆ ಈಜು ಮಾತ್ರ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ, ಅಂಚು ಬಿಗಿಹಿಡಿದು ಕೂತೆ. ಆ ದಡ ಬಂತು. ಅವರಿಬ್ಬರೂ ಇಳಿದರು, ಸುತ್ತಾಡಿದರು, ಮರಳಿ ಹತ್ತಿದರು. ನಾನು ಕೂತಲ್ಲೇ. ಈ ದಡಕ್ಕೆ ಬಂದ ಮೇಲೂ ಅಂಬಿಗ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಲಗ್ನ ಹೊಳೆಪಾಲಾಯಿತು ಅಂದುಕೊಂಡೆ. ಅತ್ತೆ ನನ್ನನ್ನೊಮ್ಮೆ, ಹರಗೋಲನ್ನೊಮ್ಮೆ ನೋಡಿ ಅಂಬಿಗನನ್ನು ಕೇಳಿದಳು: "ಇಂಥಾದ್ದೊಂದು ನಮಗೂ ಹೆಣದು ಕೊಡ್ತೀಯೇನಪಾ?"

"ನಿಮ್ಮದು ಗಂಗಾವತಿ ಅಂದ್ರಿ. ಅಲ್ಲಿ ಹೊಳಿ ಎಲ್ಲೈತ್ರಿ ಯವ್ವಾ?"

"ಹೊಳಿ ಯಾಕ ಬೇಕು? ಪಡಸಾಲ್ಯಾಗ ಇಡ್ತೀವಿ. ಅಳಿಯ ಕುಂಡ್ರಾಕ."