ಓದದೆ ಎತ್ತಿದ ಹೆಬ್ಬೆರಳು

ಸಿಟ್ಟು ಬಂದಾಗ ಬರೆಯಬಾರದು ಎನ್ನುತ್ತಾರೆ. ನಾನು ಸಿಟ್ಟು ಬಂದಾಗಲೇ ಬರೆಯುವವನು. ಸಮಾಧಾನವಿದ್ದಾಗ ಮಕ್ಕಳ ನೋಟುಬುಕ್ಕು ತಿದ್ದುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಮುಟ್ಟಿದ ಮೊದಲಿಗ ನಾನು. ಅಪ್ಪ ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದವನು. ಆದರೆ ಒತ್ತುವ ಮೊದಲು, "ಓದಿ ಹೇಳ್ರಿ ಸಾಹೇಬ್ರ" ಎಂದು ಪಟ್ಟು ಹಿಡಿದು ಕಾಗದವನ್ನು ಎರಡೆರಡು ಸಲ ಓದಿಸುತ್ತಿದ್ದ. ಈಗ ಶಾಲೆ ಕಲಿತವರೆಲ್ಲ ಮೊಬೈಲಿನಲ್ಲಿ ಹೆಬ್ಬೆರಳು ಎತ್ತುತ್ತಾರೆ. ಓದುವುದೂ ಇಲ್ಲ, ಓದಿಸುವುದೂ ಇಲ್ಲ. ಶಹಾಪುರದ ನಮ್ಮ ಶಾಲೆಯ ಗುಂಪಿನಲ್ಲಿ ಒಬ್ಬರು ತಮ್ಮ ಅತ್ತೆ ತೀರಿಕೊಂಡ ಸುದ್ದಿ ಹಾಕಿದರೆ ಹನ್ನೊಂದು ಹೆಬ್ಬೆರಳು ಬಿದ್ದವು!

ಆದರೆ ನನ್ನ ಹೊಟ್ಟೆ ಉರಿಸಿದ್ದು ಗುರುಮಠಕಲ್ಲಿನ ಭಾವನ ಹೆಬ್ಬೆರಳು. ಅಕ್ಕನ ಮಗಳು ರೇಣುಕಾ ಹತ್ತನೆಯ ತರಗತಿ ಚೆನ್ನಾಗಿ ಪಾಸಾಗಿದ್ದಳು. ಪಿಯುಸಿ ವಿಜ್ಞಾನವೇ ಬೇಕೆಂಬ ಹಟ. ಭಾವ ಹ್ಞೂಂ ಎನ್ನುತ್ತಿರಲಿಲ್ಲ, ಊಹ್ಞೂಂ ಎನ್ನುತ್ತಿರಲಿಲ್ಲ. ನಾನು ಎರಡು ಸಂಜೆ ಕೂತು, ಅಪ್ಪನಿಂದ ಶುರುಮಾಡಿ ಅಕ್ಕ ಬಿಟ್ಟ ಶಾಲೆಯವರೆಗೆ ಎಲ್ಲವನ್ನೂ ಸೇರಿಸಿ, ಭಾವನಿಗೊಂದು ಪತ್ರ ಬರೆದೆ. ನಾಲ್ಕು ಜನ ಓದಲಿ ಎಂದು ಬಳಗದ ವಾಟ್ಸಾಪ್ ಗುಂಪಿಗೇ ಹಾಕಿದೆ. ಅರ್ಧ ನಿಮಿಷದಲ್ಲಿ ಭಾವನ ಹೆಬ್ಬೆರಳು ಬಂತು. ಒಪ್ಪಿದ ಎಂದು ಹಿಗ್ಗಿದೆ. ಅಷ್ಟು ದೊಡ್ಡ ಪತ್ರ ಅರ್ಧ ನಿಮಿಷದಲ್ಲಿ ಮುಗಿಯಿತೇ ಎಂದು ಹೊಳೆಯಲಿಲ್ಲ.

ಪ್ರವೇಶದ ಕೊನೆಯ ದಿನ ರಜೆ ಹಾಕಿ, ಯಾದಗಿರಿಯಲ್ಲಿ ಬಸ್ಸು ಬದಲಿಸಿ ಹೋದೆ. ಭಾವ ಬಾಗಿಲಲ್ಲೇ, "ಏನ್ರಿ ಮಾಸ್ತರ್, ಸುದ್ದಿ ಇಲ್ಲ ಸುಳುವಿಲ್ಲ, ಬಂದೇ ಬಿಟ್ರಿ?" ಎಂದ.

"ರೇಣುಕಾನ ಹೆಸರು ಹಚ್ಚಾಕ ಬಂದೀನ್ರಿ. ನೀವು ಒಪ್ಪೀರಲ್ಲ?"

"ನಾ ಯಾವಾಗ ಒಪ್ಪೀನಿ?"

"ನನ್ನ ಪತ್ರಕ್ಕ ಹೆಬ್ಬೆರಳು ಹಾಕೀರಲ್ರಿ!"

"ಅದಾ? ಉದ್ದ ಇತ್ತು. ಮಾಸ್ತರ್ ಏನೋ ಛಲೋ ಮಾತು ಬರದಿರಬೇಕು ಅಂತ ಹಾಕ್ದೆ. ಅಷ್ಟೆಲ್ಲ ಯಾರ್ ಓದ್ತಾರ್ರಿ?"

ಮೈಯೆಲ್ಲ ಉರಿಯಿತು. ಅಂಗಳದಲ್ಲೇ ನಿಂತು ಇಡೀ ಪತ್ರವನ್ನು ಜೋರಾಗಿ ಓದಿದೆ. ಎದುರು ಮನೆಯವರೂ ಬಂದು ಕೇಳಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ, "ಇಷ್ಟ ಹೌದಲ್ರಿ? ಫೋನ್ ಮಾಡಿ ಹೇಳಿದ್ರ ಅವತ್ತೇ ಹ್ಞೂಂ ಅಂತಿದ್ದೆ. ನಡೀರಿ" ಎಂದು ಚಪ್ಪಲಿ ಮೆಟ್ಟಿದ.

ಗೆದ್ದ ಹುಮ್ಮಸ್ಸಿನಲ್ಲಿ ದಾರಿಯುದ್ದಕ್ಕೂ, ಪೂರ್ತಿ ಓದದ ಜನರಿಂದ ದೇಶ ಹೇಗೆ ಹಾಳಾಗುತ್ತಿದೆ ಎಂದು ಭಾಷಣ ಬಿಗಿದೆ. ಕಾಲೇಜಿನ ಕಿಟಕಿಯ ಹತ್ತಿರ ರೇಣುಕಾ ಕೈ ಚಾಚಿದಳು: "ಮಾಮಾ, ಮಾರ್ಕ್ಸ್ ಕಾರ್ಡ್ ಕೊಡ್ರಿ."

ನಮ್ಮ ಬಳಗದಲ್ಲಿ ಯಾರ ಮನೆಯ ಕಾಗದವಾದರೂ ಪದವೀಧರನ ಬೀರುವಿನಲ್ಲೇ ಇರಬೇಕೆಂಬ ಪದ್ಧತಿ. ಆಕೆಯದೂ ಶಹಾಪುರದಲ್ಲಿ ಭದ್ರವಾಗಿತ್ತು.

"ಅವ್ವನ ಫೋನಿನ್ಯಾಗಿಂದ ಮೆಸೇಜ್ ಹಾಕಿದ್ನಲ್ರಿ? ನೀವು 'ಒಳ್ಳೇದು ಮಗಳೆ' ಅಂದಿದ್ರಿ."

ತೆಗೆದು ನೋಡಿದೆ. 'ಮಾಮಾ, ನಿಮ್ಮ ಪತ್ರ ಓದಿ ಅಳು ಬಂತು, ನಿಮ್ಮಂಗ ಬರಿಯೋರು ಬಳಗದಾಗ ಯಾರೂ ಇಲ್ಲ' ಎಂದು ಶುರುವಾಗಿ ಪರದೆಯ ತುಂಬ ಹೊಗಳಿಕೆಯೇ ಇತ್ತು. ಅದರ ಕೆಳಗೆ 'ಇನ್ನಷ್ಟು ಓದಿ'. ನನ್ನ ಹೊಗಳಿಕೆ ಮುಗಿದ ಮೇಲೆ ಇನ್ನೇನಿರುತ್ತದೆ ಎಂದು ಅದನ್ನು ಒತ್ತಿಯೇ ಇರಲಿಲ್ಲ. ಈಗ ಒತ್ತಿದೆ. 'ಅಪ್ಪ ಪತ್ರ ಓದಿಲ್ರಿ, ನೀವ ಫೋನ್ ಮಾಡ್ರಿ. ಬರೂಮುಂದ ಮಾರ್ಕ್ಸ್ ಕಾರ್ಡ್ ಮರೀಬ್ಯಾಡ್ರಿ.'

ಮನೆಗೆ ಫೋನ್ ಮಾಡಿದೆ. ಹೆಂಡತಿ ಶಹಾಪುರದಲ್ಲಿ ಕಾರ್ಡನ್ನು ಯಾದಗಿರಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಳು. ಭಾವ ಅದನ್ನು ತರಲು ಮೋಟರ್ ಸೈಕಲ್ ಹತ್ತಿ ಯಾದಗಿರಿಗೆ ಓಡಿದ. ಮೂರು ತಾಸು ನಾನು ಕಾಲೇಜಿನ ಕಟ್ಟೆಯ ಮೇಲೆ ತುಟಿ ಪಿಟಕ್ಕೆನ್ನದೆ ಕುಳಿತಿದ್ದೆ. ಕಿಟಕಿ ಮುಚ್ಚುವ ಹೊತ್ತಿಗೆ ಕಾರ್ಡು ಬಂತು, ಹೆಸರೂ ಹತ್ತಿತು.

ಹೊರಗೆ ಬಂದ ಮೇಲೆ ರೇಣುಕಾ ನನ್ನ ತೋಳು ಹಿಡಿದು, ನೋವಾಗದಂತೆ ಮೆಲ್ಲಗೆ ಹೇಳಿದಳು: "ಮಾಮಾ, ಇನ್ನ ನಿಮಗ ಬರಿಯಂಗಿಲ್ಲ. ವಾಯ್ಸ್ ಕಳಸ್ತೀನಿ."

ಬೈಯಬೇಕೆಂದೇ ಬಾಯಿ ತೆರೆದೆ.

"ಸಣ್ಣದು ಕಳಸವ್ವ" ಎಂದೆ.