ಔಟರ್‌ನಲ್ಲಿ ನಿಂತ ಬಸ್ಸಾರು

ರಿಮೋಟು ಎಂದರೆ ಕೈಯಲ್ಲಿ ಹಿಡಿಯುವಂಥದ್ದು ಎಂದೇ ಸರ್ವಮಂಗಳಮ್ಮ ಇಲ್ಲಿಯತನಕ ತಿಳಿದಿದ್ದರು. ಶನಿವಾರ ಬೆಳಿಗ್ಗೆ ಅವರ ಯಜಮಾನರು ಮಹಡಿ ಕೋಣೆಯಿಂದ ಇಳಿಸಿದ ರಿಮೋಟನ್ನು ಮಾತ್ರ ಇಬ್ಬರು ಹಿಡಿಯಬೇಕಾಯಿತು. ಒಂದು ತುದಿಗೆ ಯಜಮಾನರಾದ ಚನ್ನವೀರಯ್ಯ, ಇನ್ನೊಂದು ತುದಿಗೆ ಇಸ್ತ್ರಿ ಬಟ್ಟೆ ಕೊಡಲು ಬಂದು ಸಿಕ್ಕಿಬಿದ್ದ ಮಾದಪ್ಪ.

"ಮೆತ್ತಗೆ ಇಡಪ್ಪ. ನಾಲ್ಕು ರಿಮೋಟಿನ ಜೀವ ಇದೆ ಅದರೊಳಗೆ," ಎಂದರು ಚನ್ನವೀರಯ್ಯ.

ಅರಸೀಕೆರೆಯ ಸುತ್ತಮುತ್ತಲ ಸಣ್ಣಪುಟ್ಟ ಸ್ಟೇಷನ್ನುಗಳಲ್ಲಿ ಮೂವತ್ತಾರು ವರ್ಷ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದ ಮೇಲೆ ಅವರಿಗೆ ಯಂತ್ರ ಕಂಡುಹಿಡಿಯುವ ಹುಚ್ಚು ಹತ್ತಿತ್ತು. ಹಾಲು ಉಕ್ಕುವ ಮುಂಚೆ ಗಂಟೆ ಬಾರಿಸುವ ಯಂತ್ರವೊಂದನ್ನು ಮಾಡಿದ್ದರು. ಅದು ಒಲೆಯ ಮೇಲೆ ಹಾಲಿಲ್ಲದಿದ್ದರೂ ಬಾರಿಸುತ್ತಿತ್ತು. ಮಾಡಿದ ಯಂತ್ರ ಕೆಲಸ ಮಾಡಲಿಲ್ಲ ಎಂದು ಅವರ ಬಾಯಿಂದ ಯಾರೂ ಕೇಳಿದ್ದಿಲ್ಲ. ಕೆಲಸ ಮಾಡುವುದು ಸ್ವಲ್ಪ ಜಾಸ್ತಿಯಾಯಿತು ಎನ್ನುತ್ತಿದ್ದರು, ಅಷ್ಟೆ.

ಈ ಸಲದ ಯಂತ್ರಕ್ಕೆ ಮಾತ್ರ ಸರ್ವಮಂಗಳಮ್ಮನೇ ಕಾರಣ. "ನಮ್ಮೂರ ಸೌಟು" ಎಂಬ ಟಿ.ವಿ. ಕಾರ್ಯಕ್ರಮದವರು ಊರಿಗೆ ಬಂದಾಗ ಇವರ ಕೈಯಲ್ಲಿ ಹುರುಳಿಕಾಳಿನ ಬಸ್ಸಾರು ಮಾಡಿಸಿ ಚಿತ್ರೀಕರಿಸಿಕೊಂಡು ಹೋಗಿದ್ದರು. ಭಾನುವಾರ ಸಂಜೆ ನಾಲ್ಕು ಗಂಟೆಗೆ ಪ್ರಸಾರ. ಇರುವುದೇ ನಾಲ್ಕು ನಿಮಿಷ, ಮರುಪ್ರಸಾರವಿಲ್ಲ. ಜನವಸತಿಯಿಲ್ಲದ ಸ್ಟೇಷನ್ ಕ್ವಾರ್ಟರ್ಸುಗಳಲ್ಲಿ, ಗಡಿಯಾರ ನೋಡಿಕೊಂಡು ಉಣ್ಣುವ ಒಬ್ಬ ಗಂಡಸಿಗಾಗಿ ಆಯುಷ್ಯವಿಡೀ ಅಡುಗೆ ಮಾಡಿದ ಹೆಂಗಸಿಗೆ ತನ್ನ ಕೈರುಚಿಯನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಬಹಳವಾಗಿತ್ತು. ಬೀದಿಯ ಹೆಂಗಸರನ್ನೆಲ್ಲ ಮನೆಗೆ ಕರೆದಿದ್ದರು. ಅದಕ್ಕೆಂದೇ ದೊಡ್ಡ ಟಿ.ವಿ., ಐದು ಸ್ಪೀಕರು, ಗುಡುಗಲೆಂದೇ ಇರುವ ಒಂದು ಡಬ್ಬ, ಎಲ್ಲ ಸೇರಿ ಹೋಂ ಥಿಯೇಟರು ಬಂದಿತ್ತು. ಅದರ ಜೊತೆಗೆ ನಾಲ್ಕು ರಿಮೋಟುಗಳೂ ಬಂದಿದ್ದವು. ಯಾವುದನ್ನು ಒತ್ತಿದರೆ ಯಾವುದು ಕೂಗುತ್ತದೆ ಎಂದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ.

"ಎಲ್ಲಕ್ಕೂ ಸೇರಿಸಿ ಒಂದೇ ರಿಮೋಟು ಸಿಗುತ್ತಂತಲ್ರೀ, ತಂದ್ಬಿಡಿ," ಎಂದಿದ್ದರು ಸರ್ವಮಂಗಳಮ್ಮ.

ಚನ್ನವೀರಯ್ಯ ಅಂಗಡಿಗೆ ಹೋಗಿ ಹನ್ನೊಂದು ರಿಮೋಟುಗಳನ್ನು ಪರೀಕ್ಷಿಸಿ ಹನ್ನೊಂದನ್ನೂ ತಿರಸ್ಕರಿಸಿ ಬಂದಿದ್ದರು. ಒಂದೇ ಸಲ ಎರಡು ಬಟನ್ ಒತ್ತಿದರೆ ಯಾವುದಕ್ಕೆ ಮೊದಲು ಲೈನ್ ಕೊಡುತ್ತದೆ ಎಂದು ಅವರು ಕೇಳಿದ್ದಕ್ಕೆ ಅಂಗಡಿಯವನು ಕುಡಿಯಲು ನೀರು ಕೊಟ್ಟನಂತೆ. ಮನೆಗೆ ಬಂದವರೇ ಇದ್ದ ನಾಲ್ಕು ರಿಮೋಟುಗಳ ಹೊಟ್ಟೆ ಬಗೆದು ಮಹಡಿ ಹತ್ತಿದ್ದರು.

ಈಗ ಇಳಿದು ಬಂದದ್ದು ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದಿತ್ತು. ಮೇಲೆ ಏಳು ಸನ್ನೆಗೋಲುಗಳು, ಕೆಂಪು ಹಸಿರು ದೀಪಗಳು, ಟಿ.ವಿ.ಯನ್ನೇ ನೋಡುವಂತೆ ಕೂರಿಸಿದ ಒಂದು ಗಾಜಿನ ಕಣ್ಣು.

"ನಾನು ಕೇಳಿದ್ದು ಒಂದು ಬಟನ್ನು ಇರೋ ರಿಮೋಟು," ಎಂದರು ಸರ್ವಮಂಗಳಮ್ಮ.

"ಇದರಲ್ಲಿ ಒಂದೂ ಬಟನ್ನಿಲ್ಲ. ಇನ್ನೂ ಸುಲಭ. ಸ್ಟೇಷನ್ ನಡೆಸೋ ನಿಯಮ ಪೂರ್ತಿ ಅದಕ್ಕೆ ಕಲಿಸಿದೀನಿ. ತಾನೇ ಯೋಚನೆ ಮಾಡುತ್ತೆ, ತಾನೇ ಸಿಗ್ನಲ್ ಕೊಡುತ್ತೆ. ಒಂದು ಲೈನಲ್ಲಿ ಒಂದೇ ರೈಲು. ಡಿಕ್ಕಿಯ ಮಾತೇ ಇಲ್ಲ."

"ಟಿ.ವಿ.ಗೆ ಯಾತರ ಡಿಕ್ಕಿ?"

"ಅದೇ ನೋಡು, ಇದುವರೆಗೂ ಆಗಿಲ್ಲ. ಆಗೋದೂ ಇಲ್ಲ," ಎಂದು ಚನ್ನವೀರಯ್ಯ ಮೊದಲ ಸನ್ನೆಗೋಲು ಎಳೆದರು. ಟಿ.ವಿ. ಹೊತ್ತಿಕೊಂಡಿತು. ಎರಡನೆಯದಕ್ಕೆ ಐದು ಸ್ಪೀಕರುಗಳೂ ಮಾತಾಡಿದವು. ಸರ್ವಮಂಗಳಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಅದನ್ನು ತೋರಿಸಿಕೊಳ್ಳದೆ ಚಟ್ನಿ ರುಬ್ಬಲು ಒಳಗೆ ಹೋದರು.

ಮಿಕ್ಸಿ ತಿರುಗಲಿಲ್ಲ.

"ಟಿ.ವಿ. ಓಡ್ತಿದೆಯಲ್ಲ, ಹೆಂಗೆ ತಿರುಗುತ್ತೆ?" ಎಂದರು ಚನ್ನವೀರಯ್ಯ ಹಾಲ್‌ನಿಂದಲೇ. "ಮನೆಯ ವೈರಿಂಗಿಗೂ ಸೇರಿಸಿದೀನಿ. ಒಂದು ಹೋಗೋ ತನಕ ಇನ್ನೊಂದಕ್ಕೆ ಲೈನ್ ಸಿಗಲ್ಲ."

ಟಿ.ವಿ. ಆರಿಸಿ ಚಟ್ನಿ ಆಯಿತು. ಚಟ್ನಿಯಾದ ಮೇಲೆ ಅಕ್ಕಿ ಇಟ್ಟ ಕುಕ್ಕರು ಕೂಗಿತು. ಕೂಗಿದ್ದೇ ತಡ, ಯಂತ್ರದ ಕೆಂಪು ದೀಪ ಮಿನುಗಿ, ಕಿಟಕಿ ಪರದೆಗಳು ಸರ್ರೆಂದು ಮುಚ್ಚಿ, ಮುಂಬಾಗಿಲು ತಾನಾಗಿ ಬೀಗ ಜಡಿದುಕೊಂಡಿತು. ಹೊರಡಲೆಂದು ಒಂದು ಕಾಲು ಎತ್ತಿದ್ದ ಮಾದಪ್ಪ ಅಲ್ಲೇ ನಿಂತ.

"ನೋಡಿದ್ಯಾ, ರೈಲು ಕೂಗಿದ್ದು ಕೇಳಿ ಹೇಳದೇನೇ ಗೇಟ್ ಹಾಕ್ತು. ಬಾಗಿಲು ಪರದೆಗೂ ತಂತಿ ಎಳೆದಿದೀನಿ," ಎಂದು ಚನ್ನವೀರಯ್ಯ ಮೀಸೆ ತಿರುವಿದರು.

"ಬುದ್ಧಿ, ಈ ರೈಲು ಯಾವಾಗ ಹೋಗುತ್ತೆ? ಇನ್ನೂ ಎಂಟು ಮನೆ ಬಟ್ಟೆ ಐತೆ," ಎಂದ ಮಾದಪ್ಪ.

ಮೂರನೆಯ ಕೂಗಿನ ಮೇಲೆ ಗೇಟು ತೆರೆಯಿತು. ಭಾನುವಾರ ಈ ಮನೆಯಲ್ಲಿ ಕುಕ್ಕರು ಇಡುವುದಿಲ್ಲ ಎಂದು ಸರ್ವಮಂಗಳಮ್ಮ ಆಗಲೇ ತೀರ್ಮಾನಿಸಿದರು. ಸಂಜೆ ಅದೇ ಯಂತ್ರದಲ್ಲಿ "ಹಿತ್ತಾಳೆ ಹೊಸಿಲು" ಧಾರಾವಾಹಿ ನೋಡಿದರು. ಏನೂ ತೊಂದರೆಯಾಗಲಿಲ್ಲ. ತೊಂದರೆ ಅಲ್ಲೇ ಶುರುವಾಗಿತ್ತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಭಾನುವಾರ ಮೂರೂವರೆಯ ಹೊತ್ತಿಗೆ ಹಾಲ್ ಜನರಿಂದ ತುಂಬಿಹೋಯಿತು. ಪಕ್ಕದ ಮನೆಯ ನಿವೃತ್ತ ಟೀಚರು ಜಲಜಾಕ್ಷಿ ಮುಂದಿನ ಕುರ್ಚಿ ಹಿಡಿದರು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಗುಲ್ಜಾರ್ ಬಾನು ಮಲ್ಲಿಗೆ ದಂಡೆ ತಂದು ಸರ್ವಮಂಗಳಮ್ಮನಿಗೆ ತಾವೇ ಮುಡಿಸಿದರು. ಚಿತ್ರ ಇನ್ನೂ ನಿಚ್ಚಳವಾಗಿ ಬರಲಿ ಎಂದು ಚನ್ನವೀರಯ್ಯ ಕೊನೆಗಳಿಗೆಯಲ್ಲಿ ಯಂತ್ರದ ತಂತಿಯನ್ನು ತಮ್ಮ ವರಾಂಡದಲ್ಲಿದ್ದ ಕೇಬಲ್ ಡಬ್ಬಿಗೆ ಸೇರಿಸಿದರು. ಬೀದಿಯ ಇಪ್ಪತ್ತೆರಡು ಮನೆಗಳಿಗೂ ಕೇಬಲ್ ಹೋಗುವುದು ಅದೇ ಡಬ್ಬಿಯಿಂದ.

ನಾಲ್ಕು ಹೊಡೆಯಿತು. ತೆರೆಯ ಮೇಲೆ ನಿರೂಪಕಿ ಬಂದಳು, ನಮಸ್ಕಾರಕ್ಕೆಂದು ಕೈಯೆತ್ತಿದಳು, ಎತ್ತಿದ ಕೈ ಕೂಡುವ ಮುಂಚೆ ಹಾಗೇ ನಿಂತುಬಿಟ್ಟಳು. ಯಂತ್ರದ ದೀಪ ಕೆಂಪಗಿತ್ತು.

"ಏನಾಯ್ತು ಮಾಸ್ಟ್ರೇ?" ಎಂದರು ಜಲಜಾಕ್ಷಿ.

"ಏನೂ ಆಗಿಲ್ಲ. ಸ್ಟೇಷನ್ನಿನ ಹೊರಗೆ, ಔಟರ್‌ನಲ್ಲಿ ನಿಂತಿದೆ. ಲೈನ್ ಖಾಲಿಯಿಲ್ಲ."

"ಯಾವ ಲೈನ್ ರೀ? ಬೆಳಗಿಂದ ಟಿ.ವಿ. ಹಾಕೇ ಇಲ್ವಲ್ಲ," ಎಂದರು ಸರ್ವಮಂಗಳಮ್ಮ. ಅವರ ದನಿ ಆಗಲೇ ಸಣ್ಣಗಾಗಿತ್ತು.

ಚನ್ನವೀರಯ್ಯ ಕನ್ನಡಕ ಏರಿಸಿ ಯಂತ್ರದ ಪಟ್ಟಿ ಓದಿದರು. "ನಿನ್ನೆ ಬೆಳಗಿನದು ಬರೀ ಟ್ರಯಲ್, ಲೆಕ್ಕಕ್ಕಿಲ್ಲ. ಸಂಜೆ ಆರೂವರೆಗೆ ಹಿತ್ತಾಳೆ ಹೊಸಿಲು ಒಳಗೆ ಬಂದಿದೆ. ಇನ್ನೂ ಹೊರಗೆ ಹೋಗಿಲ್ಲ."

"ಏಳು ಗಂಟೆಗೇ ಮುಗೀತಲ್ಲ!"

"ಮುಗೀತು ಅಂತ ನೀನು ಹೇಳ್ತೀಯ. ಸಾಕ್ಷಿ ಬೇಡ್ವಾ? ರೈಲು ಪೂರ್ತಿ ದಾಟಿತು ಅನ್ನೋಕೆ ಕೊನೇ ಡಬ್ಬಿಯ ಹಿಂದೆ ಎಲ್.ವಿ., ಲಾಸ್ಟ್ ವೆಹಿಕಲ್, ಅಂತ ಹಳದಿ ಹಲಗೆ ಇರಬೇಕು. ಅದನ್ನ ಕಣ್ಣಾರೆ ಕಾಣದೆ ಹಿಂದೆ ಬರೋ ರೈಲಿಗೆ ಲೈನ್ ಕೊಡೋ ಹಾಗಿಲ್ಲ. ನಿನ್ನೆ ಕೊನೆಯಲ್ಲಿ ಹಲಗೆ ಬಂತಾ? 'ಮುಂದುವರಿಯುವುದು' ಅಂತ ಬಂತು. ಮುಂದುವರಿಯೋ ರೈಲು ಮುಗಿದದ್ದು ಹೇಗಾಗುತ್ತೆ?"

"ಅದು ಎಂಟು ವರ್ಷದಿಂದ ಮುಂದುವರೀತಾ ಇದೆ ಮಾಸ್ಟ್ರೇ," ಎಂದರು ಗುಲ್ಜಾರ್ ಬಾನು. "ಅತ್ತೆಗೆ ಮೂರು ಸಲ ನೆನಪು ಹೋಗಿ ವಾಪಸ್ ಬಂದಾಯ್ತು. ಅದು ಮುಗಿಯೋ ತನಕ ಕಾಯೋದಾದ್ರೆ ನಾವು ಯಾರೂ ಇರಲ್ಲ."

ಅಷ್ಟರಲ್ಲಿ ಹೊರಗೆ ಗಲಾಟೆಯಾಯಿತು. ಕ್ರಿಕೆಟ್ ನೋಡುತ್ತಿದ್ದ ಗಂಡಸರು ಗೇಟಿನ ಬಳಿ ಸೇರಿದ್ದರು. ಅವರ ಮನೆಗಳಲ್ಲೂ ಚೆಂಡು ಗಾಳಿಯಲ್ಲೇ ನಿಂತಿತ್ತಂತೆ.

"ಕರೆಂಟ್ ಕಿತ್ತು ಹಾಕ್ರೀ," ಎಂದರು ಸರ್ವಮಂಗಳಮ್ಮ.

"ಕಿತ್ತರೆ ಬ್ಯಾಟರಿ ಮೇಲೆ ಓಡುತ್ತೆ. ಬುಧವಾರದ ತನಕ ತೊಂದರೆಯಿಲ್ಲ."

"ಮುಚ್ಚಳ ತೆಗೀರಿ."

"ಲೈನಲ್ಲಿ ಗಾಡಿಯಿದ್ದಾಗ ಮುಚ್ಚಳ ತೆಗೆಯೋಕಾಗಲಿ ಕೇಬಲ್ ತಂತಿ ಬಿಚ್ಚೋಕಾಗಲಿ ಬಿಡಲ್ಲ ಅದು. ಯಾರೋ ತಲೆಯಿಲ್ಲದವರು ಕೈ ಹಾಕಬಾರದು ಅಂತ ನಾನೇ ಹಾಗೆ ಮಾಡಿದೀನಿ." ಚನ್ನವೀರಯ್ಯ ಗಡಿಯಾರ ನೋಡಿಕೊಂಡರು. "ಗಾಬರಿಯಾಗಬೇಡ. ನಿನ್ನ ಕಾರ್ಯಕ್ರಮವನ್ನ ಅರ್ಧ ಗಂಟೆ ಔಟರ್‌ನಲ್ಲಿ ಹಿಡಿದಿಟ್ಟುಕೊಳ್ಳೋ ಶಕ್ತಿ ಅದಕ್ಕಿದೆ."

"ಆಮೇಲೆ?"

"ಆಮೇಲೆ ರದ್ದು."

ಸರ್ವಮಂಗಳಮ್ಮನಿಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. ಮೂವತ್ತಾರು ವರ್ಷ ಊಟ ತಣ್ಣಗಾಗಿಸಿದ ರೈಲುಗಳೆಲ್ಲ ಸಾಲದೆಂದು ಈಗ ಇದೊಂದು ರೈಲು ಮನೆಯೊಳಗೇ ಬಂದು ಕೂತಿತಲ್ಲ ಎಂದುಕೊಂಡರು.

"ಒಂದು ಹಲಗೆಗೆ ಎಲ್.ವಿ. ಅಂತ ಬರೆದು ಅದರ ಕಣ್ಣಿಗೆ ತೋರಿಸ್ರೀ, ಆಯ್ತಲ್ಲ."

ಚನ್ನವೀರಯ್ಯನ ಮುಖ ಬಿಳಿಚಿಕೊಂಡಿತು. "ಸುಳ್ಳು ಎಲ್.ವಿ.ನಾ? ನಾನಾ? ನನ್ನ ಸರ್ವಿಸಿನಲ್ಲೇ ಅಂಥ ಕೆಲಸ ಮಾಡಿಲ್ಲ ಮಂಗಳಾ. ಬೇಕಾದ್ರೆ ಚಾನೆಲ್ಲಿನವರಿಗೆ ಕಾಗದ ಬರೀತೀನಿ, ಧಾರಾವಾಹಿ ಮುಗಿಸಿ ಅಂತ."

ನಾಲ್ಕೂಕಾಲು. ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನಡೆದರು. ಗೋಡೆಗೆ ತಗುಲಿಹಾಕಿದ್ದ ಮೊರ ಇಳಿಸಿ, ಅರಿಸಿನ ಕಲಸಿ ಅದರ ಬೆನ್ನಿಗೆ ಬಳಿದರು. ಒದ್ದೆ ಕುಂಕುಮದಲ್ಲಿ ಎಲ್ ಬರೆದರು, ವಿ ಬರೆದರು. ಇಷ್ಟು ವರ್ಷ ಅಡುಗೆಮನೆ ಕಿಟಕಿಯಿಂದ ಅವರು ನೋಡಿದ್ದು ಹಾದುಹೋಗುವ ರೈಲುಗಳ ಬೆನ್ನನ್ನೇ ಆದ್ದರಿಂದ ಅಕ್ಷರ ಚೂರೂ ತಪ್ಪಲಿಲ್ಲ. ಗುಲ್ಜಾರ್ ಬಾನು ಆ ಮೊರವನ್ನು ಅವರ ಬೆನ್ನಿಗೆ ದಾರದಲ್ಲಿ ಬಿಗಿದರು.

"ಮಂಗಳಾ, ಇದು ಅಪರಾಧ," ಎಂದರು ಚನ್ನವೀರಯ್ಯ.

"ಆ ಕಡೆ ತಿರುಗಿಕೊಳ್ಳಿ, ನೀವು ನೋಡಿಲ್ಲ."

ಚನ್ನವೀರಯ್ಯ ಗೋಡೆಯ ಕಡೆ ತಿರುಗಿದರು. ಸರ್ವಮಂಗಳಮ್ಮ ಟಿ.ವಿ.ಗೂ ಯಂತ್ರದ ಕಣ್ಣಿಗೂ ನಡುವೆ ಈ ಗೋಡೆಯಿಂದ ಆ ಗೋಡೆಯವರೆಗೆ ಬೆನ್ನು ತೋರಿಸಿಕೊಂಡು ನಿಧಾನವಾಗಿ ಅಡ್ಡಡ್ಡ ಸರಿದರು. ಜಲಜಾಕ್ಷಿ ಟೀಚರು ಬಾಯಲ್ಲೇ ಛುಕ್ ಛುಕ್ ಎಂದರು. ಯಂತ್ರ ಒಂದು ಗಳಿಗೆ ಯೋಚಿಸಿತು. ಕಟಕ್ಕೆಂದು ಒಂದು ಸನ್ನೆಗೋಲು ಬಿದ್ದು ಹಸಿರು ದೀಪ ಹತ್ತಿತು.

ನಿರೂಪಕಿಯ ಕೈಗಳು ಕೊನೆಗೂ ಕೂಡಿದವು.

ಆ ನಾಲ್ಕು ನಿಮಿಷ ಸರ್ವಮಂಗಳಮ್ಮ ಬೆನ್ನಿನ ಮೊರ ಬಿಚ್ಚುವುದನ್ನೂ ಮರೆತು ಗೋಡೆಗೆ ಒರಗಿ ನಿಂತೇ ನೋಡಿದರು. ಒಗ್ಗರಣೆ ಐದೂ ಸ್ಪೀಕರಿನಿಂದ ಸಿಡಿದಾಗ ಜಲಜಾಕ್ಷಿ ಮುಖಕ್ಕೆ ಸೆರಗು ಅಡ್ಡ ಹಿಡಿದರು. ಕಟ್ಟು ಬಸಿಯುವಾಗ ಗುಡುಗಿನ ಡಬ್ಬ ಮಳೆಗಾಲವನ್ನೇ ತಂದಿತು. ತೆರೆಯ ಮೇಲಿನ ಸರ್ವಮಂಗಳಮ್ಮ ಚಮಚ ಎತ್ತಿ ಹಿಡಿದು, ಉಪ್ಪು ಕೊನೆಗೆ ಹಾಕಬೇಕು, ಒಂದೂವರೆ ಚಮಚ, ಎಂದರು. ಕೊನೆಯಲ್ಲಿ ನಿರೂಪಕಿ, ಮನೆಯವರು ನಿಮ್ಮ ಬಸ್ಸಾರಿನ ಬಗ್ಗೆ ಏನಂತಾರೆ ಎಂದು ಕೇಳಿದಳು.

"ಅವರು ಸ್ಟೇಷನ್ ಮಾಸ್ಟರಾಗಿದ್ದವರಮ್ಮ," ಎಂದರು ತೆರೆಯ ಮೇಲಿನ ಸರ್ವಮಂಗಳಮ್ಮ. "ಊಟ ಎಷ್ಟು ನಿಮಿಷ ಲೇಟು ಅಂತ ಹೇಳ್ತಾರೆ. ಹೆಂಗಿದೆ ಅಂತ ಇವತ್ತಿನವರೆಗೂ ಹೇಳಿಲ್ಲ."

ಹಾಲಿನಲ್ಲಿದ್ದ ಅಷ್ಟೂ ಹೆಂಗಸರು ಚನ್ನವೀರಯ್ಯನ ಕಡೆ ತಿರುಗಿದರು. ಚನ್ನವೀರಯ್ಯ ಯಂತ್ರದ ಕಡೆ ತಿರುಗಿದರು. ಚಪ್ಪಾಳೆಯಾಯಿತು. ಚಪ್ಪಾಳೆ ನಿಲ್ಲುವ ಮೊದಲೇ ನಿರೂಪಕಿ ಮತ್ತೆ ಬಂದು ನಮಸ್ಕಾರ ಹೇಳಿದಳು.

"ಇದೇನು ಇನ್ನೊಂದು ಸಲ?" ಎಂದರು ಜಲಜಾಕ್ಷಿ.

ಚನ್ನವೀರಯ್ಯ ಬೆವರು ಒರೆಸಿಕೊಂಡರು. "ಈ ಕಾರ್ಯಕ್ರಮದ ಹಿಂದೆಯೂ ಹಲಗೆ ಬರಲಿಲ್ಲವಲ್ಲ. ಹೊರಗೆ ಹೋಗಿಲ್ಲ ಅಂತ ಅಲ್ಲೇ ಹಿಂದೆ ಮುಂದೆ ಓಡಿಸ್ತಿದೆ."

ಮೂರನೆಯ ಸಲಕ್ಕೆ ಹೆಂಗಸರು ಎದ್ದು ಮನೆಗೆ ಹೋದರು. ಮನೆಯಲ್ಲಿ ಟಿ.ವಿ. ಹಾಕಿದರೆ ಅಲ್ಲೂ ಬಸ್ಸಾರು. ಇಪ್ಪತ್ತೆರಡು ಮನೆಗಳಲ್ಲೂ ನಾಲ್ಕು ನಿಮಿಷಕ್ಕೊಮ್ಮೆ ಹುರುಳಿಕಾಳು ಬೇಯುತ್ತಿತ್ತು, ನಾಲ್ಕು ನಿಮಿಷಕ್ಕೊಮ್ಮೆ ಚನ್ನವೀರಯ್ಯ ಏನೂ ಹೇಳದ ಗಂಡನಾಗುತ್ತಿದ್ದರು. ಕ್ರಿಕೆಟ್ಟಿನವರು ಗೇಟಿನಾಚೆ ನಿಂತು, "ಒಂದು ಮಾತು ಹೇಳ್ಬಾರ್ದಾಗಿತ್ತಾ ಮಾಸ್ಟ್ರೇ?" ಎಂದು ಕೇಳಿ ಹೋದರು. ಇಸ್ತ್ರಿ ಮಾದಪ್ಪ ಸಂಜೆ ಬಟ್ಟೆ ಕೊಡಲು ಬಂದವನು ಅದನ್ನೇ ಕೇಳಿದ. ರಾತ್ರಿ ಕರೆಂಟ್ ಕಿತ್ತರೂ ಯಂತ್ರ ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು.

ಸೋಮವಾರ ಬೆಳಿಗ್ಗೆ ಚನ್ನವೀರಯ್ಯ ಅಡುಗೆಮನೆಗೆ ಬಂದರು. ಆ ಮನೆಯಲ್ಲಿ ಅವರು ಅಡುಗೆಮನೆಗೆ ಬಂದದ್ದೇ ಅಪರೂಪ.

"ಆ ಮೊರ ಒಂದು ಸಲ ತೋರಿಸ್ಬಿಡು ಮಂಗಳಾ. ಬೀದೀಲಿ ತಲೆಯೆತ್ತಿಕೊಂಡು ಓಡಾಡೋ ಹಾಗಿಲ್ಲ."

"ಸುಳ್ಳು ಎಲ್.ವಿ. ಅಪರಾಧ ಅಂದ್ರಲ್ಲ."

"ಈ ಸಲ ನಿಜವಾಗ್ಲೂ ಮುಗಿದಿದೆ. ಅಪರಾಧ ಅಲ್ಲ."

ಸರ್ವಮಂಗಳಮ್ಮ ತಟ್ಟೆ ಹಾಕಿದರು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಪಲ್ಯ. ಬಾಗಿಲಿಗೆ ಒರಗಿ ನಿಂತರು. ಚನ್ನವೀರಯ್ಯ ಗಡಿಯಾರ ನೋಡಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು.

"ಚೆನ್ನಾಗಿದೆ," ಎಂದರು. "ಬಹಳ ಚೆನ್ನಾಗಿದೆ ಮಂಗಳಾ. ಮೊದಲಿಂದಲೂ ಚೆನ್ನಾಗೇ ಇತ್ತು."

ಸರ್ವಮಂಗಳಮ್ಮನಿಗೆ ಕಣ್ಣು ತುಂಬಿಬಂತು. ಈ ಮಾತಿನ ಮುಂದೆ ಟಿ.ವಿ.ಯ ನಾಲ್ಕು ನಿಮಿಷ ಏನೂ ಅಲ್ಲ ಎನ್ನಿಸಿತು. ಅಟ್ಟದ ಮೇಲಿಟ್ಟಿದ್ದ ಮೊರಕ್ಕೆ ಕೈ ಚಾಚಿ ಅರ್ಧ ಇಳಿಸಿದರು.

ಆದರೆ ಚನ್ನವೀರಯ್ಯ ಯಾವ ವರದಿಯನ್ನೂ ಅರ್ಧಕ್ಕೆ ಬಿಟ್ಟವರಲ್ಲ.

"ಉಪ್ಪು ಮಾತ್ರ ಒಂದು ಚೂರು ಕಡಿಮೆ ಅನ್ಸುತ್ತೆ," ಎಂದರು.

ಸರ್ವಮಂಗಳಮ್ಮ ಮೊರವನ್ನು ಅಟ್ಟದ ಮೇಲೆ, ಇನ್ನೂ ಸ್ವಲ್ಪ ಒಳಕ್ಕೆ ತಳ್ಳಿದರು. ಬುಧವಾರ ಬ್ಯಾಟರಿ ಮುಗಿಯುವಷ್ಟರಲ್ಲಿ, ಬಸ್ಸಾರಿಗೆ ಉಪ್ಪು ಒಂದೂವರೆ ಚಮಚ ಎಂಬುದು ಆ ಬೀದಿಯಲ್ಲಿ ತೊಟ್ಟಿಲಿನ ಮಕ್ಕಳಿಗೂ ಬಾಯಿಪಾಠವಾಗಿತ್ತು.